ಸಾಫ್ಟ್‌ವೇರ್ ಮಾಡುವವರಿಗೆ ಎಷ್ಟು ಹೇಳಬೇಕು?

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಕುವೈತ್‌ನಲ್ಲಿ ಲೆಕ್ಕ ಬರೆಯುವವರು. ನಮ್ಮ ಲೆಕ್ಕಕ್ಕೆ ಸಾಫ್ಟ್‌ವೇರ್ ಮಾಡುವವರು ಊರಿನ ಹುಡುಗರು. ನಮ್ಮಿಬ್ಬರ ನಡುವೆ ಮಾತು ಸರಿಯಾಗಿ ನಡೆಯದಿದ್ದರೆ ನಷ್ಟ ಯಾರಿಗೆ? ಬಿಸಿಲಲ್ಲಿ ದುಡಿಯುವವನಿಗೆ. ನಮ್ಮದೇ ಒಂದು ತಪ್ಪನ್ನು ಹೇಳ್ತೇವೆ, ಕೇಳಿ.

ಕೆಲಸ ಬಿಟ್ಟು ಹೋಗುವವರ ಸರ್ವೀಸ್ ಹಣ ಲೆಕ್ಕ ಹಾಕಲು ನಮ್ಮ ಆಫೀಸಿಗೆ ಒಂದು ಸಾಫ್ಟ್‌ವೇರ್ ಬೇಕಿತ್ತು. 'ಅವರಿಗೆ ಎಲ್ಲಾ ಯಾಕೆ, ಸೂತ್ರ ಕೊಟ್ಟರೆ ಸಾಕು' ಅಂತ ನಾವು ತಂಡಕ್ಕೆ ಅರ್ಧ ಪುಟ ಕಳುಹಿಸಿದೆವು. ಮೊದಲ 5 ವರ್ಷ, ವರ್ಷಕ್ಕೆ 15 ದಿನದ ಸಂಬಳ. ಆಮೇಲೆ ವರ್ಷಕ್ಕೆ ಒಂದು ತಿಂಗಳದ್ದು. 2010ರ 6ನೇ ನಂಬರಿನ ಕಾರ್ಮಿಕ ಕಾನೂನು ಹೇಳುವುದೂ ಇದನ್ನೇ. ಆದರೆ ಒಂದು ದಿನದ ಸಂಬಳ ತೆಗೆಯಲು ಇಲ್ಲಿ ತಿಂಗಳ ಸಂಬಳವನ್ನು 26ರಿಂದ ಭಾಗಿಸುತ್ತಾರೆ ಎಂದು ಹೇಳಲೇ ಇಲ್ಲ. ಹುಡುಗರು 30ರಿಂದ ಭಾಗಿಸಿದರು. ಅವರದ್ದೇನು ತಪ್ಪು?

260 ದಿನಾರ್ ಸಂಬಳದ ಡ್ರೈವರ್ ಒಬ್ಬರು 5 ವರ್ಷದ ಕರಾರು ಮುಗಿಸಿ ಊರಿಗೆ ಹೊರಟಿದ್ದರು. 75 ದಿನದ ಲೆಕ್ಕ. ಕಂಪ್ಯೂಟರ್ 650 ತೋರಿಸಿತು. ಅವರು ಕಿಸೆಯಿಂದ ಚೀಟಿ ತೆಗೆದರು, ಅದರಲ್ಲಿ 750. 'ಸಾರ್, ನೂರು ದಿನಾರ್ ಎಲ್ಲಿ ಹೋಯ್ತು?' ನಮ್ಮ ಬಾಯಿ ಕಟ್ಟಿತು. ಚೀಟಿ ಇಲ್ಲದವರ ಗತಿ ಏನು?

ಆ ಮೇಲೆ ನಾವು ಇನ್ನೊಂದು ತುದಿಗೆ ಹೋದೆವು. ಹೆಸರು, ಸಂಬಳ, ಸಿವಿಲ್ ಐಡಿ ಎಲ್ಲಾ ಇದ್ದ ಪೂರ್ತಿ ಪಟ್ಟಿಯನ್ನೇ ಕಳುಹಿಸಿದೆವು. ತಂಡದ ಹುಡುಗಿಯೊಬ್ಬಳು ಫೋನ್ ಮಾಡಿ, 'ಇದು ನಮಗೆ ಬೇಡ ಸಾರ್, ಸುಳ್ಳು ಹೆಸರು ಹಾಕಿ ಕೊಡಿ' ಅಂದಳು. ಸಿವಿಲ್ ಐಡಿಯ 12 ಅಂಕಿಗಳೊಳಗೆ ಜನ್ಮದಿನಾಂಕವೂ ಇದೆ. ಅದು ಕಾರ್ಮಿಕನ ಸ್ವತ್ತು, ಹಂಚಲು ನಮ್ಮದಲ್ಲ.

ಹಾಗಾಗಿ ಈಗ ನಮ್ಮ ಕ್ರಮ ಇದು: ನಿಯಮ, ಅದರ ಕಾರಣ, ತಪ್ಪಿದರೆ ಯಾರ ಹಣ ಹೋಗುತ್ತದೆ ಎಂಬುದು, ಇವನ್ನು ಪೂರ್ತಿ ಹೇಳುವುದು. ದಿನಾರ್‌ಗೆ 1000 ಫಿಲ್ಸ್, ಆದ್ದರಿಂದ ದಶಾಂಶ ಮೂರು ಸ್ಥಾನ ಬೇಕು ಎಂಬುದನ್ನೂ ಬಿಡುವುದಿಲ್ಲ. ಜನರ ಗುರುತು ಮಾತ್ರ ಕೊಡುವುದಿಲ್ಲ.

ಐಟಿಯಲ್ಲಿರುವ ನಿಮ್ಮ ಮಕ್ಕಳಿಗೆ ಹೇಳಿ: 'ಯಾಕೆ?' ಅಂತ ಕೇಳಲು ನಾಚಬೇಡಿ. ನೀವೂ ಅಷ್ಟೇ, ಸಹಿ ಹಾಕುವ ಮೊದಲು ನಿಮ್ಮ ಲೆಕ್ಕ ನೀವೇ ಒಂದು ಚೀಟಿಯಲ್ಲಿ ಬರೆದಿಡಿ.