ನಾಯಿಗಳ ಡಿಸ್ಟೆಂಪರು



ಸೊಂಡೂರಿನ ಗುಡ್ಡಗಳ ನಡುವೆ, ಕಬ್ಬಿಣದ ಅದಿರಿಗೆ ಹೆಸರಾದ ದೋಣಿಮಲೈ ತಮಗೆ ತಿಳಿದೇ ಇದೆ. ಅಂತಹ ಗಣಿಯ ಊರಿನಲ್ಲಿಯೇ ಆಗಲಿ, ಹೊಸಪೇಟೆ ಕಂಪ್ಲಿಗಳ ಬೀದಿಗಳಲ್ಲಿಯೇ ಆಗಲಿ, ನಾಯಿಯೊಂದು ನೊರೆ ಸುರಿಸುತ್ತ ಕಾಲು ಬಡಿದು ಹೊರಳಿತೆಂದರೆ ‘ಹುಚ್ಚುನಾಯಿ’ ಎಂಬ ಕೂಗು ಏಳುವುದು. ದೊಣ್ಣೆ ಕಲ್ಲುಗಳು ಕೈಗೆ ಬರುವುವು. ಅದಕ್ಕೆ ಹುಚ್ಚೇ ಹಿಡಿದಿದೆಯೆಂದು ನಿಶ್ಚಯಿಸಿದವರಾರು? ಡಿಸ್ಟೆಂಪರು ಎಂಬ ಮತ್ತೊಂದು ಬೇನೆಯೂ ಹೀಗೆಯೇ ಸೆಳೆತವನ್ನು ತರುವುದುಂಟು. ಆ ವಿಚಾರವಾಗಿ ನಾಲ್ಕು ಮಾತುಗಳನ್ನು ಅರಿಕೆಮಾಡುವೆವು.

ಈ ಬೇನೆಗೆ ಕಾರಣ ಒಂದು ವಿಷಾಣುವೆಂಬುದನ್ನು 1905ರಲ್ಲಿ ಫ್ರಾನ್ಸಿನ ಪಶುವೈದ್ಯನಾದ ಕಾರೆ ಎಂಬಾತನು ತೋರಿಸಿಕೊಟ್ಟನು. ಮಕ್ಕಳ ದಡಾರ, ದನಗಳ ದೊಡ್ಡರೋಗ ಇವೆರಡರ ವಿಷಾಣುಗಳೂ ಇದರ ದಾಯಾದಿಗಳೇ. ದೊಡ್ಡರೋಗವಾದರೋ ಜಗತ್ತಿನಿಂದಲೇ ತೊಲಗಿತೆಂದು 2011ರಲ್ಲಿ ಸಾರಲಾಯಿತು. ನಾಯಿಯ ಬೇನೆ ಮಾತ್ರ ಉಳಿದುಕೊಂಡಿದೆ.

ಮೊದಲು ಜ್ವರ ಬರುವುದು. ಎರಡು ಮೂರು ದಿನಗಳಲ್ಲಿ ಇಳಿದು ಮತ್ತೆ ಏರುವುದು. ಮನೆಯವರು ಮೋಸಹೋಗುವುದು ಈ ನಡುವಣ ಬಿಡುವಿನಲ್ಲಿ. ಅನಂತರ ಕಣ್ಣಿನಲ್ಲಿ ಪಿಸುರು, ಮೂಗಿನಲ್ಲಿ ಗಟ್ಟಿ ಸಿಂಬಳ, ಕೆಮ್ಮು, ವಾಂತಿ, ಭೇದಿ. ಕೆಲವಕ್ಕೆ ಅಂಗಾಲು ಗಡುಸಾಗುವುದು. ಚೇತರಿಸಿತೆಂದು ತೋರಿದ ಮೇಲೂ, ವಾರಗಳು ಕಳೆದು, ವಿಷಾಣು ಮಿದುಳಿಗೇರಿ ದವಡೆ ಕಟಕಟನೆ ಆಡುವುದು, ಕಾಲು ಬಿಡದೆ ಅದುರುವುದು, ಸೆಳೆತ ಬರುವುದು. ಸೆಳೆತ ಇಳಿದೊಡನೆ ಒಡೆಯನನ್ನು ಗುರುತಿಸಿ ಬಾಲವಾಡಿಸುವ ನಾಯಿಗಳೂ ಉಂಟು. ಅಂತಹುದನ್ನು ಹೊಡೆದು ಕೊಲ್ಲುವರಲ್ಲಾ ಎಂಬುದೇ ನಮ್ಮ ಸಂಕಟ.

ಆದರೂ ನೋಟಮಾತ್ರದಿಂದ ಹುಚ್ಚಲ್ಲವೆಂದು ನಂಬುವುದು ಅಪಾಯಕರ. ಡಿಸ್ಟೆಂಪರು ಮನುಷ್ಯರಿಗೆ ರೋಗ ತಾರದು, ಹುಚ್ಚಾದರೋ ಪ್ರಾಣಹಾರಿ. ಆದುದರಿಂದ ಜೊಲ್ಲನ್ನು ಮುಟ್ಟದೆ, ಮಕ್ಕಳನ್ನು ದೂರವಿಟ್ಟು, ನಾಯಿಯನ್ನು ಬೇರೆ ಕೂಡಿಹಾಕಿ ಪಶುವೈದ್ಯರನ್ನು ಕರೆಸುವುದು. ಕಚ್ಚಿದರೆ ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು ಆಗಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಇದು ನಾಯಿ ಸಾಕಿದವರ ಮನೆಯ ದುಃಖ ಮಾತ್ರವಲ್ಲ. 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಸಿಂಹಗಳ ಮೂರನೆಯ ಒಂದು ಪಾಲು ಈ ಬೇನೆಯ ಹಾವಳಿಯಲ್ಲಿ ಅಳಿದವು. 2018ರಲ್ಲಿ ನಮ್ಮ ಗಿರ್ ಅರಣ್ಯದಲ್ಲಿ ಕೆಲವೇ ವಾರಗಳೊಳಗೆ 23 ಸಿಂಹಗಳು ಸತ್ತಾಗ, ಅವುಗಳಲ್ಲಿ ಹಲವಕ್ಕೆ ಇದೇ ವಿಷಾಣು ತಗಲಿದ್ದಿತು. ದೋಣಿಮಲೈಗೆ ದೂರವಲ್ಲದ ದರೋಜಿಯಲ್ಲಿ ಕರಡಿಗಳ ಧಾಮವಿದೆ. ಕರಡಿ, ತೋಳ, ನರಿ, ಚಿರತೆಗಳ ಕುಲಕ್ಕೂ ಈ ವಿಷಾಣು ಹಬ್ಬಬಲ್ಲುದು. ಊರಂಚಿನ ತಿಪ್ಪೆಗೆ ಹಗಲು ಬರುವುದು ನಾಯಿ, ಇರುಳು ಬರುವುದು ಮತ್ತೊಂದು.

ವಿಷಾಣುವನ್ನೇ ಕೊಲ್ಲುವ ನಂಬತಕ್ಕ ಔಷಧವಿಲ್ಲ, ಶುಶ್ರೂಷೆಯೇ ಚಿಕಿತ್ಸೆ. ತಡೆಯುವ ಚುಚ್ಚುಮದ್ದಾದರೋ ಉಂಟು. ಆರರಿಂದ ಎಂಟು ವಾರದ ಮರಿಗೆ ಮೊದಲನೆಯದು. ಬಳಿಕ ಮೂರು ನಾಲ್ಕು ವಾರಗಳಿಗೊಮ್ಮೆ, ಹದಿನಾರು ವಾರ ತುಂಬುವವರೆಗೆ. ಒಂದೇ ಸಲಕ್ಕೆ ನಿಲ್ಲಿಸಬಾರದು: ತಾಯಿಯ ಹಾಲಿನಿಂದ ಬಂದ ರಕ್ಷಣೆ ಇರುವ ತನಕ ಮದ್ದು ನಾಟದು. ಮನೆಯ ನಾಯಿಗೆಂತೋ ಕುರಿಹಟ್ಟಿಯ ನಾಯಿಗೂ ಅಂತೆಯೇ. ಬೇನೆಯಿಂದ ನಾಯಿ ಸತ್ತ ಮನೆಯವರು ಅದರ ಹಾಸನ್ನು ಸುಟ್ಟು, ತಟ್ಟೆಯನ್ನು ಸಾಬೂನಿನಿಂದ ತೊಳೆದು, ನೆಲವನ್ನು ಬಿಸಿಲಿಗೆ ಬಿಟ್ಟು, ಕೆಲವು ವಾರಗಳು ಕಳೆದ ತರುವಾಯ, ಚುಚ್ಚುಮದ್ದು ಮುಗಿದ ಮರಿಯನ್ನೇ ತರುವುದು.