ಮೊದಲು ಅಳತೆ, ಆಮೇಲೆ ಸಾಧನ



ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕುವ ದರ್ಜಿಯನ್ನು ಯಾರೂ ಮೆಚ್ಚುವುದಿಲ್ಲ. ಆದರೆ ಗಣಕಯಂತ್ರ, ಮೊಬೈಲುಗಳ ಮೂಲಕ ಪಾಠ ಕಲಿಸುವ ಸಾಧನಗಳು ಎಷ್ಟೋ ಬಾರಿ ಅಳತೆಯಿಲ್ಲದೆಯೇ ಸಿದ್ಧವಾಗುತ್ತವೆ.

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಕಂದಾಯದ ಲೆಕ್ಕಕ್ಕೆ ಇವೆಲ್ಲ ತುಮಕೂರು ಜಿಲ್ಲೆಯ ತಾಲ್ಲೂಕುಗಳು. ಶಾಲೆಗಳ ಆಡಳಿತ ಒಂದೇ ಆದರೂ ಮಕ್ಕಳ ಅಗತ್ಯ ಒಂದೇ ಅಲ್ಲ. ಪಾವಗಡವನ್ನು ಬಹುಪಾಲು ಆಂಧ್ರದ ನೆಲ ಸುತ್ತುವರಿದಿದೆ. ಅಲ್ಲಿನ ಅನೇಕ ಮಕ್ಕಳು ಮನೆಯಲ್ಲಿ ತೆಲುಗು ಮಾತನಾಡಿ ಶಾಲೆಯಲ್ಲಿ ಕನ್ನಡದಲ್ಲಿ ಓದುತ್ತಾರೆ. ಕನ್ನಡವೇ ಮನೆಮಾತಾದ ಮಗುವಿಗೆ ಸಲ್ಲುವ ವಿವರಣೆ ಅವರಿಗೆ ಸಾಲದೇ ಹೋಗಬಹುದು.

ಈ ಅಳತೆಯ ಅಗತ್ಯ ನಮ್ಮ ರಾಜ್ಯಕ್ಕೆಲ್ಲ ಮನವರಿಕೆಯಾದದ್ದು 2020ರಲ್ಲಿ. ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, ಆಗಸ್ಟಿನಲ್ಲಿ 'ವಿದ್ಯಾಗಮ' ಆರಂಭವಾಯಿತು. ಅದರಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಿದರು: ಇಂಟರ್‌ನೆಟ್ ಇರುವ ಫೋನ್ ಅಥವಾ ಗಣಕಯಂತ್ರ ಉಳ್ಳವರು, ಇಂಟರ್‌ನೆಟ್ ಇಲ್ಲದ ಮೊಬೈಲ್ ಉಳ್ಳವರು, ಯಾವುದೂ ಇಲ್ಲದವರು. ಏನೂ ಇಲ್ಲದವರ ಬಳಿಗೆ ಶಿಕ್ಷಕರೇ ಊರೂರಿಗೆ ಹೋದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೂ "ಮಗುವಿನ ಕೈಯಲ್ಲಿ ಏನಿದೆ?" ಎಂದು ಮೊದಲು ಕೇಳಿದ್ದು ಸರಿಯಾದ ಕ್ರಮ.

ದೂರದರ್ಶನ ಚಂದನದಲ್ಲಿ 'ಸಂವೇದ' ಪಾಠಗಳೂ ಬಂದವು. ದೂರದರ್ಶನದ ಪಾಠ ಬಹಳ ಮನೆಗಳನ್ನು ತಲುಪುತ್ತದೆ. ಆದರೆ ಅರ್ಥವಾಗದ ಮಗುವಿಗಾಗಿ ನಿಲ್ಲುವುದಿಲ್ಲ. ಎಲ್ಲಿ ಎಡವಿದೆ ಎಂದು ತಿಳಿಯಲು ಶಿಕ್ಷಕರೇ ಬೇಕು.

ಶಿಕ್ಷಕರಿಂದಲೇ ಹುಟ್ಟಿದ ಒಂದು ಸಾಧನವೂ ನಮ್ಮಲ್ಲಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಪದ್ಧತಿಯನ್ನು ನೋಡಿ ಬಂದು 'ನಲಿಕಲಿ'ಯನ್ನು ರೂಪಿಸಿದರು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುವುದು ಸಣ್ಣ ಶಾಲೆಗಳ ನಿಜಸ್ಥಿತಿ. ಅದಕ್ಕೆ ಹೊಂದುವಂತೆ ಕಲಿಕೆಯ ಕಾರ್ಡುಗಳು ಬಂದವು. ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತಿತು. ಇದಕ್ಕೆ ವಿದ್ಯುತ್ತೂ ಬೇಕಿರಲಿಲ್ಲ.

ಡಿಜಿಟಲ್ ಸಾಧನಕ್ಕೂ ಇದೇ ನಿಯಮ. ಮನೆಯಲ್ಲಿರುವ ಒಂದೇ ಫೋನು ಹಗಲೆಲ್ಲ ತಂದೆಯವರ ಜೊತೆ ಹೊಲಕ್ಕೆ ಹೋಗುವುದಾದರೆ, ಪಾಠ ರಾತ್ರಿಯೂ ಸಿಗುವಂತಿರಬೇಕು. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ತೆರೆಯಬೇಕು. ಪಾವಗಡದ ಮಗುವಿಗೆ ಕಠಿಣ ಪದದ ಪಕ್ಕದಲ್ಲಿ ತೆಲುಗಿನ ಅರ್ಥ ಕಾಣಲಿ. ವಿದ್ಯುತ್ತಿನ ಪಾಠಕ್ಕೆ ಅದೇ ತಾಲ್ಲೂಕಿನ 2,050 ಮೆಗಾವಾಟ್ ಸೌರ ಪಾರ್ಕು, ಶಿಲೆಗಳ ಪಾಠಕ್ಕೆ ಮಧುಗಿರಿಯ ಏಕಶಿಲಾ ಬೆಟ್ಟ, ನದಿಯ ಪಾಠಕ್ಕೆ ಕೊರಟಗೆರೆಯ ಮೂಲಕ ಹರಿಯುವ ಜಯಮಂಗಲಿ, ಹಕ್ಕಿಗಳ ಪಾಠಕ್ಕೆ ಶಿರಾ ತಾಲ್ಲೂಕಿನ ಕಗ್ಗಲಡು ಉದಾಹರಣೆಯಾಗಲಿ. ಯಾವ ಪ್ರಶ್ನೆಯಲ್ಲಿ ಎಷ್ಟು ಮಕ್ಕಳು ತಪ್ಪಿದರು ಎಂಬುದನ್ನು ಅದು ಗುರುಗಳಿಗೆ ತೋರಿಸಲಿ. ಹಾಜರಿ ಪುಸ್ತಕದಲ್ಲಿ ಬರೆದದ್ದನ್ನೇ ಮತ್ತೆ ಫೋನಿನಲ್ಲಿ ತುಂಬಿಸುವಂತಾದರೆ ಅದು ಸಾಧನವಲ್ಲ, ಹೊರೆ.

ಮಿತ್ರರೇ, ನಿಮ್ಮಲ್ಲಿ ಕೆಲವರು ನಾಳೆ ಇಂಥ ಸಾಧನಗಳನ್ನು ತಯಾರಿಸುವಿರಿ. ಆ ಕೆಲಸಕ್ಕೆ ಇಂದೇ ತೊಡಗಬಹುದು. ಈ ವಾರ ಯಾವ ಪಾಠದ ಯಾವ ಸಾಲಿನಲ್ಲಿ ನಿಮಗೆ ತಡೆಯಾಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಗುರುಗಳಿಗೆ ಕೊಡಿ. ಪಕ್ಕದಲ್ಲಿ ಕೂರುವ ಗೆಳೆಯನನ್ನೂ ಗೆಳತಿಯನ್ನೂ ಕೇಳಿ. ಅಂಥ ನೂರು ಹಾಳೆಗಳು ಸೇರಿದರೆ ಅಳತೆ ಸಿಕ್ಕಂತೆಯೇ.