ಎರಡು ಅಡಿ ಜಾಗದಲ್ಲಿ ಸಿ.ಎನ್.ಸಿ. ಯಂತ್ರ: ಮೇಜು ಮಾಡುವ ಬಗೆ

(ಸ್ವಸಹಾಯ ಸಂಘಗಳ ಸದಸ್ಯೆಯರ ಸ್ವ-ಉದ್ಯೋಗ ತರಬೇತಿಯಲ್ಲಿ ನೀಡಿದ ಭಾಷಣದ ಬರಹ ರೂಪ)



ಹಪ್ಪಳ, ಉಪ್ಪಿನಕಾಯಿ, ಟೈಲರಿಂಗ್ ಇವೆಲ್ಲ ನಮಗೆ ಗೊತ್ತಿರುವ ಕೆಲಸಗಳು. ಈಗ ಕೆಲವು ಸದಸ್ಯೆಯರು ಹೊಸದೊಂದು ಕೇಳ್ತಾರೆ: ಮನೆಯ ಹೆಸರಿನ ಫಲಕ, ಕೀ ಚೈನ್, ಶಾಲೆಯ ಬಹುಮಾನದ ಫಲಕ ಕೆತ್ತುವ ಸಣ್ಣ ಸಿ.ಎನ್.ಸಿ. ಯಂತ್ರವನ್ನು ಸಂಘದ ಸಾಲದಲ್ಲಿ ತಗೊಳ್ಳಬಹುದಾ ಅಂತ. ಖಂಡಿತ ತಗೊಳ್ಳಬಹುದು. ಆದರೆ ಯಂತ್ರಕ್ಕೆ ದುಡ್ಡು ಹೊಂದಿಸುವಾಗ ಅದನ್ನು ಇಡುವ ಜಾಗದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಎರಡು ಕೋಣೆಯ ಮನೆಯಲ್ಲಿ ಮಕ್ಕಳ ಓದು, ಹಿರಿಯರ ಮಂಚ, ಹೊಲಿಗೆ ಮೆಷಿನ್ ಎಲ್ಲ ಇರುವಾಗ ಇದನ್ನು ಎಲ್ಲಿ ಇಡುವುದು? ಇವತ್ತು ನಾನು ಅದರ ಮೇಜಿನ ಬಗ್ಗೆ ಮಾತ್ರ ಮಾತಾಡ್ತೇನೆ.

ಯಂತ್ರ ಹೇಗೆ ಕೆಲಸ ಮಾಡ್ತದೆ?

ಸಿ.ಎನ್.ಸಿ. ಅಂದರೆ ಕಂಪ್ಯೂಟರ್ ಕೊಡುವ ಅಂಕಿಗಳ ಪ್ರಕಾರ ಓಡುವ ಯಂತ್ರ. 1952ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಅಂಕಿಗಳಿಂದ ಓಡುವ ಯಂತ್ರವನ್ನು ಮೊದಲು ತೋರಿಸಿದಾಗ ಅದು ದೊಡ್ಡ ಕಾರ್ಖಾನೆಯ ಸಾಮಾನು. ಈಗ ಹವ್ಯಾಸಿಗಳಿಗಾಗಿ '3018' ಎಂಬ ಹೆಸರಿನ ಸಣ್ಣ ಯಂತ್ರ ಸಿಗ್ತದೆ. ಅದು 30 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲದವರೆಗೆ ಕೆತ್ತಬಲ್ಲದು ಎಂಬುದೇ ಆ ಸಂಖ್ಯೆಯ ಅರ್ಥ. ಕೆತ್ತುವ ಮೋಟರು ಎಡ-ಬಲಕ್ಕೂ ಮೇಲೆ-ಕೆಳಗೂ ಹೋಗ್ತದೆ. ಮರದ ತುಂಡು ಕಟ್ಟಿದ ಕೆಳಗಿನ ತಟ್ಟೆ ಹಿಂದೆ-ಮುಂದೆ ಓಡ್ತದೆ.

ಹೀಗೆ ಓಡಿ, ಫಕ್ಕನೆ ನಿಂತು, ತಿರುಗಿ ಓಡುವಾಗ ಅದು ಪ್ರತಿ ಸಲವೂ ಮೇಜನ್ನು ದೂಡ್ತದೆ. ಮೇಜು ಅಲ್ಲಾಡಿದರೆ ಕೆತ್ತುವ ಮೊನೆಯೂ ಅಲ್ಲಾಡ್ತದೆ. ಅಕ್ಷರದ ಅಂಚು ಒರಟಾಗ್ತದೆ, ಸಪೂರ ಮೊನೆ ಮುರಿಯಲೂಬಹುದು. ಗಿರಾಕಿ ಫಲಕ ಬೇಡ ಅಂದರೆ ಮರವೂ ಹೋಯಿತು, ಹೆಸರೂ ಹೋಯಿತು. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಯಾವುದು ಮಡಚಬೇಕು, ಯಾವುದು ಮಡಚಬಾರದು?

ಜಾಗ ಉಳಿಸುವುದು ಅಂದ ಕೂಡಲೇ ನಮಗೆ ಗೋಡೆಗೆ ಹಿಂಜಸ್ ಹಾಕಿದ ಮಡಚುವ ಹಲಗೆ ನೆನಪಾಗ್ತದೆ. ಊಟಕ್ಕೆ, ಓದುವುದಕ್ಕೆ ಅದು ಒಳ್ಳೆಯದು. ಈ ಯಂತ್ರಕ್ಕೆ ಆಗುವುದಿಲ್ಲ. ಹಿಂಜಸ್ ಇರುವಲ್ಲಿ ಸ್ವಲ್ಪವಾದರೂ ಸಡಿಲ ಉಂಟು. ಆದ್ದರಿಂದ ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ: ಯಂತ್ರ ಕೂರುವ ಜಾಗ ಗಟ್ಟಿಯಾಗಿ, ಭಾರವಾಗಿ ಇರಬೇಕು, ಅದರ ಪಕ್ಕದ ಜಾಗ ಮಾತ್ರ ಮಡಚಬೇಕು. ಲ್ಯಾಪ್‌ಟಾಪ್, ಅಳತೆ ಪಟ್ಟಿ, ಮುಗಿದ ಸಾಮಾನು ಇವನ್ನೆಲ್ಲ ಮಡಚುವ ಹಲಗೆಯ ಮೇಲೆ ಇಟ್ಟರೆ ಏನೂ ತೊಂದರೆ ಇಲ್ಲ.

ಲೆಕ್ಕ ನೋಡಿ. ನಾಲ್ಕು ಅಡಿ ಉದ್ದ, ಎರಡೂವರೆ ಅಡಿ ಅಗಲದ ಸಾಮಾನ್ಯ ಮೇಜು ದಿನವಿಡೀ 10 ಚದರ ಅಡಿ ತಿನ್ನುತ್ತದೆ. ನಾವು ಮಾಡುವ ಮೇಜು ಎರಡು ಅಡಿಗೆ ಎರಡು ಅಡಿ, ಅಂದರೆ 4 ಚದರ ಅಡಿ. ಎಡಬದಿಯ ಹಲಗೆ ಬಿಚ್ಚಿದಾಗ ಮಾತ್ರ ಇನ್ನೂ 3 ಚದರ ಅಡಿ ಸೇರ್ತದೆ. ಕೆಲಸ ಮುಗಿದ ಮೇಲೆ ಅದು ಕೆಳಗೆ ಇಳಿದು ಕಾಲಿಗೆ ಒರಗಿ ನಿಲ್ಲುತ್ತದೆ.

ಮೇಜು ಮಾಡುವ ಕ್ರಮ

ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಅಡಿ ಚೌಕ ಬರೆಯಿರಿ. ಯಂತ್ರದ ತಟ್ಟೆ ಪೂರ್ತಿ ಹಿಂದೆ, ಪೂರ್ತಿ ಮುಂದೆ ಹೋದಾಗ ಎಲ್ಲಿಯವರೆಗೆ ಬರ್ತದೆ ಅಂತ ಅಂಗಡಿಯಲ್ಲೇ ಅಳೆದು ನೋಡಿ. ಅದು ಗೋಡೆಗೆ ತಾಗಬಾರದು, ವಯರು ಎಳೆಯಬಾರದು.

ಪ್ಲೈವುಡ್ ಶೀಟು 8 ಅಡಿಗೆ 4 ಅಡಿ ಇರ್ತದೆ. 18 ಮಿ.ಮೀ. ದಪ್ಪದ ಒಂದು ಶೀಟಿನಲ್ಲಿ ಎರಡು ಅಡಿಯ ಎಂಟು ಚೌಕ ಸಿಗ್ತದೆ. ಎರಡು ಚೌಕವನ್ನು ಒಂದರ ಮೇಲೊಂದು ಅಂಟಿಸಿ ಸ್ಕ್ರೂ ಹಾಕಿದರೆ 36 ಮಿ.ಮೀ. ದಪ್ಪದ ಮೇಲ್ಭಾಗ ಆಯಿತು. ಮೂರನೆಯದು ಕೆಳಗಿನ ತಟ್ಟು. ನಾಲ್ಕನೆಯದು ಹಿಂಬದಿಗೆ, ಐದನೆಯದು ಬಲಬದಿಗೆ. ಆರನೆಯದನ್ನು ಒಂದೂವರೆ ಅಡಿಗೆ ಕೊಯ್ದರೆ ಮಡಚುವ ಹಲಗೆ. ಏಳನೆಯದರಲ್ಲಿ ಯಂತ್ರ ಕೂರಿಸುವ ಪ್ರತ್ಯೇಕ ಹಲಗೆ. ಎಂಟನೆಯದರಲ್ಲಿ ಮಡಚುವ ಹಲಗೆಗೆ ಆಧಾರ ಕೊಡುವ ಎರಡು ತ್ರಿಕೋನ. ನಮ್ಮ ಮಳೆಗಾಲದ ಥಂಡಿಗೆ ಬಿ.ಡಬ್ಲ್ಯು.ಆರ್. ದರ್ಜೆಯ ಪ್ಲೈವುಡ್ ಒಳ್ಳೆಯದು. ಎಂ.ಡಿ.ಎಫ್. ನೀರು ಕುಡಿದರೆ ಉಬ್ಬುತ್ತದೆ.

ಕಾಲುಗಳಿಗೆ 3 ಇಂಚು, 2 ಇಂಚಿನ ಮರ ಸಾಕು. ನಿಂತು ಕೆಲಸ ಮಾಡುವವರಿಗೆ ಮೇಜಿನ ಎತ್ತರ ಮೊಣಕೈಗಿಂತ ಸ್ವಲ್ಪ ಕೆಳಗೆ, ಸುಮಾರು 34 ಇಂಚು ಇರಲಿ. ಹಳೆಯ ಮಂಚ ಅಲ್ಲಾಡಿದರೆ ಬಡಗಿ ಏನು ಮಾಡ್ತಾನೆ? ಓರೆಯಾಗಿ ಒಂದು ಪಟ್ಟಿ ಹೊಡೆಯುತ್ತಾನೆ. ಇಲ್ಲಿ ಹಿಂಬದಿ ಮತ್ತು ಬಲಬದಿಯ ಪ್ಲೈವುಡ್ ಅದೇ ಕೆಲಸ ಮಾಡ್ತದೆ. ಅವೆರಡನ್ನು ಬಿಟ್ಟು ಖರ್ಚು ಉಳಿಸಬೇಡಿ. ಕಾಲುಗಳ ಅಡಿಗೆ ಎತ್ತರ ತಗ್ಗು ಮಾಡುವ ಬೋಲ್ಟು ಹಾಕಿಸಿ. ನಮ್ಮ ಮನೆಗಳ ನೆಲ ಸಮತಟ್ಟು ಇರುವುದು ಅಪರೂಪ. ಕೆಳಗಿನ ತಟ್ಟಿನಲ್ಲಿ ಒಂದು ಮರಳಿನ ಚೀಲ ಇಟ್ಟರೆ ಮೇಜು ನೆಲಕ್ಕೆ ಅಂಟಿಕೊಂಡ ಹಾಗೆ ನಿಲ್ಲುತ್ತದೆ.

ಯಂತ್ರವನ್ನು ನೇರವಾಗಿ ಮೇಜಿಗೆ ಕೂರಿಸಬೇಡಿ. ಅದರ ಸ್ವಂತ ಹಲಗೆಗೆ ಕೂರಿಸಿ, ಆ ಹಲಗೆಯನ್ನು ನಾಲ್ಕು ಬೋಲ್ಟಿನಲ್ಲಿ ಮೇಜಿಗೆ ಬಿಗಿಯಿರಿ. ಕೈಯಲ್ಲೇ ತಿರುಗಿಸುವ ರೆಕ್ಕೆಯ ನಟ್ಟು ಹಾಕಿದರೆ ಬಿಚ್ಚುವುದು ಸುಲಭ. ಆರ್ಡರ್ ಇಲ್ಲದ ದಿನ ಯಂತ್ರ ಕೆಳಗಿನ ತಟ್ಟಿಗೆ ಹೋಗ್ತದೆ, ಮೇಲೆ ಬಟ್ಟೆ ಕತ್ತರಿಸಬಹುದು, ಮಕ್ಕಳು ಓದಬಹುದು. ಮೇಜನ್ನು ಸರಿಸುವಾಗಲೂ ಯಂತ್ರ ಇಳಿಸಿಯೇ ಸರಿಸಿ.

ಬಡಗಿಯವರಿಂದ ಮೇಜು ತಗೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಒಂದು ಲೋಟ ನೀರು ತುಂಬಿಸಿ ಮೇಲೆ ಇಟ್ಟು, ಮೇಜಿನ ಮೂಲೆಯನ್ನು ಕೈಯಿಂದ ದೂಡಿ. ನೀರು ಒಮ್ಮೆ ಅಲುಗಿ ಬೇಗ ನಿಂತರೆ ಸರಿ. ಮೇಜೇ ತೂಗಾಡಿ ನೀರು ಚೆಲ್ಲಿದರೆ ಇನ್ನೊಂದು ಓರೆ ಪಟ್ಟಿ ಹೊಡೆಯಲು ಹೇಳಿ.

ಧೂಳು ಮತ್ತು ಸುರಕ್ಷೆ

ಇದು ನಮ್ಮ ಮನೆಯವರ ಆರೋಗ್ಯದ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಆದ್ದರಿಂದ ಅಡುಗೆ ಕೋಣೆಯಲ್ಲಿ, ತೊಟ್ಟಿಲು ಇರುವಲ್ಲಿ ಈ ಮೇಜು ಬೇಡವೇ ಬೇಡ. ಗಾಳಿ ಬರುವ ಜಗಲಿಯ ಮೂಲೆ ಒಳ್ಳೆಯದು, ಆದರೆ ಮಳೆ ಎರಚಲು ತಾಗಬಾರದು. ಯಂತ್ರಕ್ಕೆ ಪ್ಲೈವುಡ್ ಪೆಟ್ಟಿಗೆ ಮಾಡಿ ಮುಂದೆ ಅಕ್ರಿಲಿಕ್ ಬಾಗಿಲು ಇಟ್ಟರೆ ಧೂಳೂ ಶಬ್ದವೂ ಕಡಿಮೆ. ಕೆಲಸ ಮಾಡುವವರು ಎನ್-95 ಮಾಸ್ಕ್ ಹಾಕಿ. ಹಿಡಿಸೂಡಿಯಿಂದ ಗುಡಿಸಿದರೆ ಧೂಳು ಮೇಲೇಳ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಸೆರಗು ಸಿಕ್ಕಿಸಿ, ಜಡೆ ಕಟ್ಟಿ, ಬಳೆ ತೆಗೆದಿಡಿ. ತಿರುಗುವ ಮೊನೆಯ ಹತ್ತಿರ ಕೈಗವಸು ಹಾಕಬೇಡಿ, ಅದು ಸುತ್ತಿಕೊಳ್ಳುತ್ತದೆ. ಸ್ವಿಚ್ಚು ಮೇಜಿನ ಮುಂಭಾಗದಲ್ಲೇ, ಕೈಗೆ ಎಟಕುವ ಹಾಗೆ ಇರಲಿ. ಕೆಲವು ಯಂತ್ರಗಳ ಜೊತೆ ಲೇಸರ್ ಕೂಡ ಬರ್ತದೆ. ಬಣ್ಣವಿಲ್ಲದ ಅಕ್ರಿಲಿಕ್ ಆ ಬೆಳಕನ್ನು ತಡೆಯುವುದಿಲ್ಲ, ಕಣ್ಣಿಗೆ ಅಪಾಯ. ಪ್ರತ್ಯೇಕ ತರಬೇತಿ ಇಲ್ಲದೆ ಅದನ್ನು ಮುಟ್ಟಬೇಡಿ.

ಸಂಘದಲ್ಲಿ ಏನು ಬರೆಯಬೇಕು?

ಸಾಲದ ಅರ್ಜಿಯಲ್ಲಿ ಯಂತ್ರದ ದರದ ಜೊತೆಗೆ ಮೇಜಿನ ಖರ್ಚನ್ನೂ ಸೇರಿಸಿ. ಬಡಗಿಯವರಿಂದ ಮೊದಲೇ ದರ ಬರೆಸಿಕೊಳ್ಳಿ. ಸಂಘದ ಹೆಸರಿನ ಯಂತ್ರವಾದರೆ ಅದು ಯಾರ ಮನೆಯಲ್ಲಿ ಇರ್ತದೆ, ಕರೆಂಟ್ ಬಿಲ್ಲಿಗೆ ಎಷ್ಟು ಕೊಡಬೇಕು, ಯಾವ ದಿನ ಯಾರು ಉಪಯೋಗಿಸ್ತಾರೆ ಎಂಬುದನ್ನು ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಬಾಯಿಮಾತಿನಲ್ಲಿ ಬಿಟ್ಟರೆ ನಾಳೆ ಜಗಳಕ್ಕೆ ದಾರಿ.

ನಮ್ಮ ಉಳಿತಾಯದ ಒಂದೊಂದು ರೂಪಾಯಿಯೂ ಬೆವರಿನದ್ದು. ಆ ದುಡ್ಡಿನಲ್ಲಿ ಬರುವ ಯಂತ್ರ ಅಲ್ಲಾಡುವ ಮೇಜಿನ ಮೇಲೆ ಕೂರುವುದು ಬೇಡ. ಮುಂದಿನ ವಾರದ ಸಭೆಗೆ ಬರುವಾಗ ನಿಮ್ಮ ಮನೆಯಲ್ಲಿ ಎರಡು ಅಡಿ ಚೌಕ ಎಲ್ಲಿ ಹಿಡಿಸ್ತದೆ ಅಂತ ಅಳೆದು ಬರೆದು ತನ್ನಿ. ಎಲ್ಲರೂ ಕೂತು ನೋಡುವ.